ವಿಲಿಯಂ ಪೆನ್ನನ ಚರಿತ್ರೆ: ಅರಸನು ಕೊಟ್ಟ ನಾಡನ್ನು ಕ್ರಯಕ್ಕೆ ಕೊಂಡವನು

ಶಿಕಾರಿಪುರ, ಸೊರಬ ಸೀಮೆಗಳ ನಮ್ಮ ಸಭೆಗಳಲ್ಲಿ ಭಾನುವಾರದ ಪಾಠಶಾಲೆಯನ್ನು ನಡಿಸುವವರು ಸತ್ಯವೇದದ ಪಾಠವಾದ ತರುವಾಯ ಹಿಂದಿನ ಕಾಲದ ಭಕ್ತರ ಚರಿತ್ರೆಗಳನ್ನು ಮಕ್ಕಳಿಗೆ ಹೇಳುವ ವಾಡಿಕೆ ಉಂಟು. ಆಂಗ್ಲೇಯರು ಅಮೆರಿಕಾ ಖಂಡಕ್ಕೆ ಹೋಗಿ ವಸಾಹತುಗಳನ್ನು, ಅಂದರೆ ಪರನಾಡಿನವರು ನೆಲಸಿ ಒಕ್ಕಲುಮಾಡುವ ಸೀಮೆಗಳನ್ನು, ಸ್ಥಾಪಿಸಿದ ಕಥೆಯೂ ಅವುಗಳಲ್ಲಿ ಒಂದು. 1620ರಲ್ಲಿ ಮೇಫ್ಲವರ್ ಎಂಬ ಹಡಗನ್ನೇರಿ ಪ್ಲಿಮತಿಗೆ ಹೋದವರ ಸಂಗತಿಯನ್ನು ಅನೇಕರು ಹೇಳುತ್ತಾರೆ. ನಾವು ವಿಲಿಯಂ ಪೆನ್ನನ ಚರಿತ್ರೆಯನ್ನು ಆರಿಸಿಕೊಂಡೆವು. ಯಾಕಂದರೆ ಅವನದು ಮಕ್ಕಳಿಗೆ ಸುಲಭವಾಗಿ ಹಿಡಿಸುವ ಕಥೆಯೆಂದು ನೆನಸಿದ್ದೆವು. ಹೀಗಿರಲಾಗಿ, ಇಂಗ್ಲೆಂಡಿನ ಅರಸನು ಅವನಿಗೆ ಒಂದು ನಾಡನ್ನೇ ಬರೆದುಕೊಟ್ಟನೆಂದು ನಾವು ಹೇಳಿದ ಕೂಡಲೆ, ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿಯು ಎದ್ದು ನಿಂತು, ಅಲ್ಲಿ ಮೊದಲು ಜನರಿರಲಿಲ್ಲವೋ, ಇದ್ದರೆ ಆ ನೆಲವು ಅರಸನದು ಹೇಗಾಯಿತು ಎಂದು ಕೇಳಿದಳು. ಅವಳ ಮನೆಯವರು ಅಜ್ಜನ ಕಾಲದಿಂದ ಉತ್ತು ಬಿತ್ತಿದ ಹೊಲಕ್ಕೆ ಬಗರ್ ಹುಕುಂ ಅರ್ಜಿಯನ್ನು ಹಾಕಿ ಹಕ್ಕುಪತ್ರಕ್ಕಾಗಿ ಕಾದಿರುವವರು. ಆದದರಿಂದ ಆ ಪ್ರಶ್ನೆಯು ಆಟದ್ದಲ್ಲ. ಆ ದಿನ ನಾವು ಅರ್ಧ ಉತ್ತರ ಕೊಟ್ಟು ಪಾಠವನ್ನು ಮುಗಿಸಿದೆವು. ಮನೆಗೆ ಬಂದು ಆ ಚರಿತ್ರೆಯನ್ನು ಮೊದಲಿನಿಂದ ಓದಿದಾಗ, ಅವಳು ಕೇಳಿದ್ದೇ ಅದರ ತಿರುಳಾಗಿತ್ತೆಂದು ಕಂಡಿತು. ಪಾಠ ಹೇಳುವ ಇತರರಿಗೂ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತೇವೆ.

ವಿಲಿಯಂ ಪೆನ್ನನು 1644ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿನಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದನು. ಮರುವರುಷ ನಮ್ಮ ಸೀಮೆಯಲ್ಲಿ ಶಿವಪ್ಪನಾಯಕನು ಕೆಳದಿ ಅರಸರ ಪಟ್ಟಕ್ಕೆ ಬಂದು, ಮುಂದೆ ಹೊಲಗದ್ದೆಗಳ ಹುಟ್ಟುವಳಿಯನ್ನು ನೋಡಿ ಕಂದಾಯವನ್ನು ಗೊತ್ತುಮಾಡಿದನು. ಶಿವಪ್ಪನಾಯಕನ ಶಿಸ್ತೆಂದು ಹಿರಿಯರು ಹೇಳುವುದು ಅದನ್ನೇ. ಪೆನ್ನನಿಗೆ ಅಮೆರಿಕದ ನಾಡು ದೊರೆತಾಗ ಕೆಳದಿಯ ರಾಣಿ ಚೆನ್ನಮ್ಮಾಜಿಯು ಆಳುತ್ತಿದ್ದಳು. ಶಿಕಾರಿಪುರಕ್ಕೆ ಆ ಅರಸರ ದಿನಗಳಲ್ಲಿ ಮಹಾದಾನಪುರವೆಂಬ ಹೆಸರಿತ್ತು. ಮಕ್ಕಳಿಗೆ ಇಂಥ ಗುರುತುಗಳನ್ನು ಕೊಡುವುದು ಒಳ್ಳೇದು. ಇಲ್ಲವಾದರೆ ಸಮುದ್ರದಾಚೆಯ ಸಂಗತಿಗಳು ಲೋಕದಲ್ಲಿ ನಡೆದವುಗಳಲ್ಲವೆಂದೇ ಅವರು ತಿಳುಕೊಳ್ಳುವರು.

ಪೆನ್ನನ ತಂದೆಯು ಇಂಗ್ಲೆಂಡಿನ ನೌಕಾಸೈನ್ಯದ ಅಧಿಪತಿ. ಅರಸನ ಆಸ್ಥಾನದಲ್ಲಿ ಮಾನ್ಯನು. ಮಗನು ದೊಡ್ಡ ಪದವಿಗೆ ಏರಬೇಕೆಂದು ಅವನನ್ನು ಆಕ್ಸ್‌ಫರ್ಡಿನ ವಿದ್ಯಾಲಯಕ್ಕೆ ಕಳುಹಿಸಿದನು. ಹುಡುಗನು ಅಲ್ಲಿನ ಆರಾಧನಾಕ್ರಮಕ್ಕೆ ಒಳಗಾಗದೆ ಹೋದದರಿಂದ 1662ರಲ್ಲಿ ಹೊರಗೆ ಹಾಕಲ್ಪಟ್ಟನು. ತಂದೆಯು ಕೋಪಗೊಂಡು ಹೊಡೆದನು. ಆಮೇಲೆ ಮನಸ್ಸು ತಿರುಗೀತೆಂದು ಫ್ರಾನ್ಸಿಗೆ ಕಳುಹಿಸಿದನು. ಐರ್ಲೆಂಡಿನಲ್ಲಿದ್ದ ತಮ್ಮ ಜಮೀನುಗಳನ್ನು ನೋಡಿಕೊಳ್ಳಲು ಹೋಗಿದ್ದಾಗ, 1667ರಲ್ಲಿ, ಕಾರ್ಕ್ ಎಂಬ ಊರಿನಲ್ಲಿ ಥಾಮಸ್ ಲೋ ಎಂಬವನ ಉಪದೇಶವನ್ನು ಕೇಳಿ ಅವನು ಮಿತ್ರರ ಸಭೆಗೆ ಸೇರಿದನು. ಲೋಕದವರು ಅವರನ್ನು ಕ್ವೇಕರರು ಎಂದು ಕರೆದರು.

ಈ ಮಿತ್ರರ ಸಭೆಯಲ್ಲಿ ದೀಕ್ಷಾಸ್ನಾನವೂ ಕರ್ತನ ಭೋಜನವೂ ಇಲ್ಲ. ಇದರಲ್ಲಿ ನಾವು ಅವರ ಸಂಗಡ ಒಪ್ಪುವುದಿಲ್ಲ; ಮಕ್ಕಳಿಗೂ ಇದನ್ನು ಮರೆಮಾಡದೆ ಹೇಳತಕ್ಕದ್ದು. ಆದರೆ ಅವರ ಬೇರೆ ಕೆಲವು ನಡತೆಗಳನ್ನು ನಮ್ಮ ಸಭೆಗಳವರು ಸ್ವಲ್ಪ ನಿಂತು ನೋಡಬೇಕು. ಅವರು ಆಣೆಯಿಡುತ್ತಿರಲಿಲ್ಲ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ, ಇಷ್ಟೇ. ಆಯುಧ ಹಿಡಿಯುತ್ತಿರಲಿಲ್ಲ. ಯಾವ ದೊಡ್ಡವನ ಮುಂದೆಯೂ ಟೋಪಿಯನ್ನು ತೆಗೆಯುತ್ತಿರಲಿಲ್ಲ. ಇದಲ್ಲದೆ ಅವರ ಭಾಷೆಯಲ್ಲಿಯೂ ಆ ದಿನಗಳಲ್ಲಿ ನಮ್ಮಲ್ಲಿರುವ ಹಾಗೆ ನೀನು, ನೀವು ಎಂಬ ಭೇದವಿತ್ತು. ಮಿತ್ರರು ಧನಿಕನಿಗೂ ದರಿದ್ರನಿಗೂ ಅರಸನಿಗೂ ಆಳಿಗೂ ಒಂದೇ ಸಮನಾಗಿ ನೀನು ಎಂದರು. ನರೆತಲೆಯ ನಮ್ಮ ಹಿರಿಯರನ್ನು ದೊಡ್ಡ ಮನೆಗಳ ಚಿಕ್ಕ ಹುಡುಗರು ಏಕವಚನದಿಂದ ಕೂಗುತ್ತಿದ್ದ ಕಾಲವನ್ನು ಕಂಡವರಿಗೆ, ಈ ನಡತೆಯು ಆ ದೇಶದ ಪ್ರಭುಗಳಿಗೆ ಎಷ್ಟು ಉರಿಯನ್ನು ಉಂಟುಮಾಡಿತೆಂದು ವಿವರಿಸಬೇಕಾಗಿಲ್ಲ. ಪೆನ್ನನ ತಂದೆಯು ಕಡೆಗೆ ಸೋತು, ಅರಸನಿಗೂ ಅರಸನ ತಮ್ಮನಿಗೂ ತನಗೂ ಮಾತ್ರ ಮರ್ಯಾದೆ ಕೊಟ್ಟರೆ ಸಾಕು, ಮಿಕ್ಕವರ ಮುಂದೆ ಇಷ್ಟದಂತೆ ನಡೆಯಲಿ ಎಂದು ಕೇಳಿಕೊಂಡನು. ಮಗನು ಅದಕ್ಕೂ ಒಪ್ಪಲಿಲ್ಲ.

ಅವನು ಅನೇಕ ಸಾರಿ ಸೆರೆಮನೆಗೆ ಹೋದನು. 1668ರ ಕೊನೆಯಲ್ಲಿ ಒಂದು ಪುಸ್ತಕವನ್ನು ಬರೆದದ್ದಕ್ಕಾಗಿ ಲಂಡನಿನ ಕೋಟೆಯಲ್ಲಿ ಅವನನ್ನು ಸೆರೆಯಿಟ್ಟರು. ಎಲ್ಲಕ್ಕಿಂತ ಪ್ರಸಿದ್ಧವಾದದ್ದು 1670ರ ವಿಚಾರಣೆ. ಮಿತ್ರರ ಆರಾಧನಾಮಂದಿರಕ್ಕೆ ಸರಕಾರದವರು ಬೀಗ ಹಾಕಿದಾಗ ಪೆನ್ನನು ಬೀದಿಯಲ್ಲೇ ನಿಂತು ಉಪದೇಶಮಾಡಿದನು. ಗುಂಪು ಕೂಡಿಸಿದನೆಂದು ವಿಲಿಯಂ ಮೀಡ್ ಎಂಬವನ ಸಂಗಡ ಅವನನ್ನು ಹಿಡಿದರು. ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಬೇಕಾದವರು ಜೂರಿ ಎಂಬ 12 ಮಂದಿ ಪಂಚರು. ಅವರು ತಪ್ಪಿಲ್ಲವೆಂದರು. ನ್ಯಾಯಾಧಿಪತಿಗಳು ಅವರನ್ನು ಎರಡು ರಾತ್ರಿ ಅನ್ನ ನೀರು ಬೆಂಕಿ ಇಲ್ಲದೆ ಕೂಡಿಹಾಕಿದರೂ ಅವರು ಮಾತು ತಿರುಗಿಸಲಿಲ್ಲ. ದಂಡ ವಿಧಿಸಿ ಸೆರೆಮನೆಗೆ ನೂಕಿದಾಗ, ಅವರಲ್ಲಿ ಎಡ್ವರ್ಡ್ ಬುಶೆಲ್ ಮೊದಲಾದವರು ದಂಡ ಕೊಡದೆ ಮೇಲಿನ ನ್ಯಾಯಸ್ಥಾನಕ್ಕೆ ಹೋದರು. ಪಂಚರು ತಮ್ಮ ಮನಸ್ಸಿಗೆ ತೋರಿದ ತೀರ್ಪನ್ನು ಕೊಟ್ಟದ್ದಕ್ಕಾಗಿ ಅವರನ್ನು ಶಿಕ್ಷಿಸಕೂಡದೆಂದು ಆಗ ನಿರ್ಣಯವಾಯಿತು. ಆ ನಿರ್ಣಯವು ಇಂಗ್ಲಿಷ್ ನ್ಯಾಯಶಾಸ್ತ್ರದಲ್ಲಿ ಇಂದಿಗೂ ನಿಂತಿದೆ. ಈ ಪಂಚರು ಕ್ವೇಕರರಲ್ಲ, ಸಾಮಾನ್ಯ ಪಟ್ಟಣಿಗರು. ಅವರ ಹಸಿವೆಯನ್ನು ಮಕ್ಕಳಿಗೆ ತಪ್ಪದೆ ಹೇಳಬೇಕೆಂದು ನಮ್ಮ ಅಭಿಪ್ರಾಯ.

ಅದೇ ಸೆಪ್ಟೆಂಬರ್ ತಿಂಗಳಲ್ಲಿ ತಂದೆಯು ಮಗನ ಸಂಗಡ ಸಮಾಧಾನ ಮಾಡಿಕೊಂಡು ತೀರಿಹೋದನು. ಅರಸನಾದ ಎರಡನೆಯ ಚಾರ್ಲ್ಸನು ಅವನಿಗೆ 16,000 ಪೌಂಡು ಸಾಲ ಕೊಡಬೇಕಾಗಿತ್ತು. ಬೊಕ್ಕಸದಲ್ಲಿ ಹಣವಿಲ್ಲದ ಅರಸನಿಗೆ ಹಣಕ್ಕಿಂತ ದೂರದ ಭೂಮಿ ಸುಲಭ. ಪೆನ್ನನು ಸಾಲಕ್ಕೆ ಬದಲಾಗಿ ಅಮೆರಿಕದಲ್ಲಿ ನೆಲವನ್ನು ಬೇಡಿದನು. 1681ರ ಮಾರ್ಚಿ 4ರಂದು ಶಾಸನವಾಯಿತು. ವರುಷಕ್ಕೆ ಎರಡು ಬೀವರ್ ಎಂಬ ಮೃಗದ ತೊಗಲು, ಚಿನ್ನ ಬೆಳ್ಳಿ ಸಿಕ್ಕಿದರೆ ಐದನೆಯ ಒಂದು ಪಾಲು, ಇಷ್ಟೇ ಅರಸನಿಗೆ ಕೊಡತಕ್ಕ ಕಾಣಿಕೆ. ಪೆನ್ನನು ಆ ನಾಡಿಗೆ ಸಿಲ್ವೇನಿಯ ಎಂದು ಹೆಸರಿಡಬೇಕೆಂದಿದ್ದನು. ಸೊರಬದವರಿಗೆ ಇದನ್ನು ತಿಳಿಸುವುದು ಸುಲಭ: ಅದು ನಮ್ಮ ಕಾನು ಎಂಬ ಮಾತೇ. ಅರಸನು ಸತ್ತ ನೌಕಾಧಿಪತಿಯ ಗೌರವಕ್ಕಾಗಿ ಅದರ ಹಿಂದೆ ಪೆನ್ ಎಂದು ಸೇರಿಸಲು ಪೆನ್ಸಿಲ್ವೇನಿಯ, ಅಂದರೆ ಪೆನ್ನನ ಕಾನು, ಎಂದಾಯಿತು. ತನ್ನ ಹೊಗಳಿಕೆಗಾಗಿ ತಾನೇ ಇಟ್ಟುಕೊಂಡನೆಂದು ಜನರು ಹೇಳಿಯಾರೆಂದು ಅವನು ನಾಚಿ, ಹೆಸರನ್ನು ಬದಲಿಸಲು ಅರಮನೆಯ ಕಾರಕೂನನಿಗೆ ಹಣ ಕೊಡುವುದಕ್ಕೂ ನೋಡಿದನು. ಅದು ಸಾಗಲಿಲ್ಲ.

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರೋಣ. ಆ ಕಾನಿನಲ್ಲಿ ಜನರಿದ್ದರು. ಹಳೆಯ ಪಾಠಪುಸ್ತಕಗಳು ಅವರನ್ನು ಕೆಂಪು ಇಂಡಿಯನರು ಎನ್ನುತ್ತವೆ. ಅದು ಅವರ ಹೆಸರಲ್ಲ. ಅವರು ಲೆನಾಪೆ ಜನರು. ಡೆಲವೇರ್ ನದಿಯ ಎರಡೂ ದಡಗಳಲ್ಲಿ ಮರದ ತೊಗಟೆಯ ಮನೆಗಳನ್ನು ಕಟ್ಟಿಕೊಂಡು, ಜಿಂಕೆಯನ್ನು ಬೇಟೆಯಾಡಿ, ಮೆಕ್ಕೆಜೋಳ, ಅವರೆಯಂಥ ಕಾಳು, ಕುಂಬಳ ಇವುಗಳನ್ನು ಬೆಳೆದುಕೊಂಡಿದ್ದರು. ಶಿಕಾರಿಪುರದ ಹೊಲಗಳಲ್ಲಿ ನಾವು ಇಂದು ಬೆಳೆಯುವ ಮೆಕ್ಕೆಜೋಳವು ಅಮೆರಿಕಾ ಖಂಡದ ಮೂಲಜನರು ಪಳಗಿಸಿದ ಬೆಳೆಯೇ. ಒಂದು ತೆನೆಯನ್ನು ಕೈಯಲ್ಲಿ ಹಿಡಿದು ಈ ಭಾಗವನ್ನು ಹೇಳಿದರೆ ಮಕ್ಕಳು ಕಣ್ಣು ಕೀಳದೆ ಕೇಳುತ್ತಾರೆ.

ಆ ಜನರನ್ನು ಕೇಳದೆ ಅವರ ನೆಲವನ್ನು ಬರೆದುಕೊಡಲು ಚಾರ್ಲ್ಸ್ ಅರಸನಿಗೆ ಏನು ಹಕ್ಕಿತ್ತು? ನ್ಯಾಯವಾಗಿ ಏನೂ ಇರಲಿಲ್ಲ. ಯೂರೋಪಿನ ಅರಸರೆಲ್ಲರೂ ತಮ್ಮ ಹಡಗು ಮುಟ್ಟಿದ ದಡವು ತಮ್ಮದೆಂದುಕೊಂಡರು. ಪೆನ್ನನು ಶಾಸನವನ್ನು ಬೇಡ ಎನ್ನಲಿಲ್ಲ. ಅದರಿಂದ ತನಗೂ ಲಾಭವಾಗಲಿ ಎಂಬ ಆಶೆಯೂ ಅವನಿಗಿತ್ತು. 5,000 ಎಕರೆಗೆ 100 ಪೌಂಡಿನಂತೆ ಒಕ್ಕಲಾಗುವವರಿಗೆ ಮಾರಲು ತೊಡಗಿದನು. ಆದರೆ ಅರಸನ ಕಾಗದದಿಂದಲೇ ಕೆಲಸ ಮುಗಿಯಿತೆಂದು ಅವನು ಎಣಿಸಲಿಲ್ಲ. ಅದೇ ವರುಷದ ಅಕ್ಟೋಬರಿನಲ್ಲಿ ಲೆನಾಪೆಯವರಿಗೆ ಪತ್ರ ಬರೆದು, ಅರಸನು ಕೊಟ್ಟಿದ್ದರೂ ಅವರ ಪ್ರೀತಿ ಮತ್ತು ಒಪ್ಪಿಗೆಯಿಂದಲೇ ಅಲ್ಲಿ ಬಾಳಬೇಕೆಂದಿರುವೆನೆಂದು ತಿಳಿಸಿದನು; ತನ್ನ ಜನರಿಂದ ಅವರಿಗೆ ಅನ್ಯಾಯವಾದರೆ ಎರಡು ಪಕ್ಷದವರೂ ಸಮಸಂಖ್ಯೆಯಲ್ಲಿ ಕೂತು ತೀರಿಸತಕ್ಕದ್ದೆಂದನು. ಅರಸನಿಂದ ಸಾಲಕ್ಕೆ ಪಡೆದ ಭೂಮಿಯನ್ನು ಅದರ ನಿವಾಸಿಗಳಿಂದ ಮತ್ತೊಮ್ಮೆ ಕ್ರಯಕ್ಕೆ ಕೊಂಡನು.

ಇಲ್ಲಿ ಆದಿಕಾಂಡದ 23ನೆಯ ಅಧ್ಯಾಯವನ್ನು ಮಕ್ಕಳ ಮುಂದೆ ತೆರೆಯಬಹುದು. ಕಾನಾನ್ ದೇಶವು ಅಬ್ರಹಾಮನ ಸಂತತಿಗೆಂದು ದೇವರೇ ವಾಗ್ದಾನಮಾಡಿದ್ದನು. ಆದರೂ ಸಾರಳನ್ನು ಹೂಣಿಡಲು ಸ್ಥಳ ಬೇಕಾದಾಗ ಆ ಪಿತೃವು ಹಿತ್ತಿಯರ ಮುಂದೆ ಎದ್ದು ಬೊಗ್ಗಿ, ಉಚಿತವಾಗಿ ಕೊಡುತ್ತೇವೆಂದರೂ ಒಪ್ಪದೆ, 400 ಶೆಕೆಲ್ ಬೆಳ್ಳಿಯನ್ನು ಎಲ್ಲರ ಎದುರಿಗೆ ತೂಗಿಕೊಟ್ಟು ಎಫ್ರೋನನ ಹೊಲವನ್ನು ಕೊಂಡನು. ದೇವರ ವಾಗ್ದಾನವಿದ್ದವನೇ ಹಾಗೆ ನಡೆದಿರಲು, ಸಾಲಗಾರನಾದ ಒಬ್ಬ ಅರಸನ ಶಾಸನವಿದ್ದವನು ಕೊಂಡದ್ದು ದೊಡ್ಡದಲ್ಲ ಎನ್ನಬಹುದು. ಆದರೆ ಆ ಕಾಲದಲ್ಲಿ ಹಾಗೆ ಮಾಡಿದವರು ಕೊಂಚ. ಅವನಿಗಿಂತ ಮೊದಲು ರೋಡ್ ಐಲೆಂಡ್ ಸೀಮೆಯಲ್ಲಿ ರೋಜರ್ ವಿಲಿಯಮ್ಸನು ಆ ಮಾರ್ಗವನ್ನು ಹಿಡಿದಿದ್ದನು.

1682ರ ಆಗಸ್ಟಿನ ಕೊನೆಯಲ್ಲಿ ಪೆನ್ನನು ವೆಲ್ಕಮ್ ಎಂಬ ಹಡಗನ್ನೇರಿದನು. ಸುಮಾರು 100 ಮಂದಿ ಪ್ರಯಾಣಿಕರಲ್ಲಿ ಸುಮಾರು 30 ಮಂದಿ ದಾರಿಯಲ್ಲೇ ಸಿಡುಬಿನಿಂದ ಸತ್ತರು. ಬಾಲ್ಯದಲ್ಲಿ ಆ ರೋಗ ಬಂದು ಉಳಿದಿದ್ದ ಪೆನ್ನನು ರೋಗಿಗಳ ಬಳಿ ಭಯವಿಲ್ಲದೆ ಹೋಗಿ ಆರೈಕೆಮಾಡಿದನು. ಅಕ್ಟೋಬರಿನ ಕೊನೆಯಲ್ಲಿ ದಡ ಸೇರಿದರು.

ಆ ನದಿಯ ಬಳಿ ಶಾಕಮಾಕ್ಸನ್ ಎಂಬಲ್ಲಿ ದೊಡ್ಡದೊಂದು ಎಲ್ಮ್ ಮರವಿತ್ತು. ಅದರ ಕೆಳಗೆ ಪೆನ್ನನೂ ಲೆನಾಪೆಯವರ ಹಿರಿಯನಾದ ತಮನೆಂಡನೂ ಕೂಡಿ, ಆಯುಧವಿಲ್ಲದೆ, ಆಣೆಯಿಲ್ಲದೆ ಸ್ನೇಹದ ಒಡಂಬಡಿಕೆ ಮಾಡಿಕೊಂಡರೆಂದು ಪರಂಪರೆಯಾಗಿ ಹೇಳುತ್ತಾರೆ. ಅದರ ಬರಹವು ಉಳಿದಿಲ್ಲ. ಉಳಿದಿರುವುದು ಕ್ರಯಪತ್ರಗಳು. 1683ರ ಜೂನಿನಲ್ಲಿ ತಮನೆಂಡನು ಕೊಟ್ಟ ಪತ್ರದಲ್ಲಿ ಚಿಪ್ಪಿನ ಮಣಿಸರ, ಬಂದೂಕು, ಕಂಬಳಿ, ಪಾದರಕ್ಷೆ, ಕಾಲುಚೀಲ, ಕನ್ನಡಿ ಇವುಗಳ ಹೆಸರಿದೆ. ಭೂಮಿಗೆ ಬೇಲಿ ಹಾಕಿ ಮಾರುವ ವಾಡಿಕೆಯು ಲೆನಾಪೆಯವರಲ್ಲಿ ಇರಲಿಲ್ಲ. ಕೂಡಿ ಬಾಳಲು ಒಪ್ಪಿಗೆ ಕೊಟ್ಟೆವೆಂದು ಅವರು ತಿಳಿದಿದ್ದಲ್ಲಿ ಆಂಗ್ಲೇಯರು ಎಂದೆಂದಿಗೂ ಕೊಂಡೆವೆಂದು ತಿಳಿದರು. ಇದನ್ನೂ ಮಕ್ಕಳಿಗೆ ಹೇಳಬೇಕು. ಆದರೂ ಪೆನ್ನನು ಅವರ ಭಾಷೆಯನ್ನು ಕಲಿತು, ದುಬಾಷಿಯ ಹಂಗಿಲ್ಲದೆ ಅವರ ಸಂಗಡ ಕೂತು ಉಂಡು ಮಾತಾಡಿದನು. ಅವನ ನಾಡಿಗೂ ಅವರಿಗೂ ಸುಮಾರು 70 ವರುಷ ಯುದ್ಧವಾಗಲಿಲ್ಲ. ಆ ನಾಡು ಸೈನ್ಯವನ್ನೇ ಇಟ್ಟಿರಲಿಲ್ಲವೆಂಬದನ್ನು ನೆನಸಿದರೆ ಇದು ಸಣ್ಣ ಸಂಗತಿಯಲ್ಲ.

ಪಟ್ಟಣಕ್ಕೆ ಅವನು ಫಿಲದೆಲ್ಫಿಯ ಎಂದು ಹೆಸರಿಟ್ಟನು. ಪ್ರಕಟನೆಯಲ್ಲಿ ಕರ್ತನು ಯಾವ ತಪ್ಪನ್ನೂ ಹೊರಿಸದೆ ಬಿಟ್ಟ ಸಭೆಗಳಲ್ಲಿ ಒಂದರ ಹೆಸರು ಅದೇ. ಅದರ ಅರ್ಥ ಸಹೋದರಪ್ರೀತಿ. ಲಂಡನ್ ಪಟ್ಟಣವು 1666ರಲ್ಲಿ ಸುಟ್ಟದ್ದನ್ನು ಅರಿತವನಾದದರಿಂದ ಬೀದಿಗಳನ್ನು ಅಗಲವಾಗಿ ಬಿಡಿಸಿ, ಅವುಗಳಲ್ಲಿ ಅನೇಕಕ್ಕೆ ಮನುಷ್ಯರ ಹೆಸರನ್ನಿಡದೆ ಮರಗಳ ಹೆಸರನ್ನಿಟ್ಟನು. ಒಬ್ಬನೇ ದೇವರನ್ನು ನಂಬುವ ಯಾವನನ್ನೂ ಅವನ ಆರಾಧನೆಯ ನಿಮಿತ್ತ ಬಾಧಿಸಕೂಡದೆಂದು ಶಾಸನವಾಯಿತು. ಅಧಿಕಾರಕ್ಕೆ ಮಾತ್ರ ಕ್ರೈಸ್ತರೇ ಆಗಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಕಳ್ಳತನಕ್ಕೂ ನೇಣು ಇದ್ದ ಕಾಲದಲ್ಲಿ ಅಲ್ಲಿ ಮರಣದಂಡನೆಯು ಬಹಳ ಕಡಿಮೆಯಾಯಿತು. ಮಕ್ಕಳೆಲ್ಲರೂ 12 ವರುಷ ತುಂಬುವುದರೊಳಗೆ ಸತ್ಯವೇದವನ್ನು ಓದಲೂ ಬರೆಯಲೂ ಕಲಿತು, ಬಳಿಕ ಒಂದು ಕಸಬನ್ನು ಕಲಿಯತಕ್ಕದ್ದೆಂದು 1683ರಲ್ಲಿ ಗೊತ್ತುಮಾಡಿದರು.

ಪೆನ್ನನಲ್ಲಿ ದೋಷಗಳಿಲ್ಲದೆ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು, ನದಿಯ ತೀರದ ಅವನ ಪೆನ್ಸ್‌ಬರಿ ಮನೆಯಲ್ಲಿ ಆಫ್ರಿಕಾದವರನ್ನು ದಾಸರನ್ನಾಗಿ ಇಟ್ಟುಕೊಂಡಿದ್ದದ್ದು. ಅರಸನಿಗೂ ಟೋಪಿ ತೆಗೆಯದ ಮನುಷ್ಯನು ಇನ್ನೊಬ್ಬ ಮನುಷ್ಯನನ್ನು ಕೊಂಡನು! ಆ ಕಾಲದವರಿಗೆ ಅದು ತಪ್ಪೆಂದು ತಿಳಿದಿರಲಿಲ್ಲವೆಂದು ಹೇಳಿ ಜಾರಿಕೊಳ್ಳಲಾಗದು. ಅವನ ನಾಡಿನ ಜರ್ಮನ್‌ಟೌನಿನಲ್ಲೇ 1688ರಲ್ಲಿ ಪಾಸ್ಟೋರಿಯಸನೂ ಇನ್ನು ಮೂವರೂ ದಾಸತ್ವವು ಪಾಪವೆಂದು ಬರೆದು ಸಹಿಹಾಕಿ ಮಿತ್ರರ ಸಭೆಗೆ ಒಪ್ಪಿಸಿದ್ದರು. ಸಭೆಯವರು ಅದನ್ನು ಮೇಲಿನವರಿಗೆ, ಮೇಲಿನವರು ಇನ್ನೂ ಮೇಲಿನವರಿಗೆ ದಾಟಿಸಿ ಸುಮ್ಮನಾದರು. ಸಭಾಕಾರ್ಯವನ್ನು ಬಲ್ಲವರಿಗೆ ಈ ದಾಟಿಸುವಿಕೆ ಹೊಸದಲ್ಲ.

ಇನ್ನೊಂದು ದೋಷವು ಅವನನ್ನೇ ಕೆಡಿಸಿತು. ಫಿಲಿಪ್ ಫೋರ್ಡ್ ಎಂಬ ಪಾರುಪತ್ಯಗಾರನು ಮುಂದಿಟ್ಟ ಕಾಗದಗಳಿಗೆ, ಸಹವಿಶ್ವಾಸಿಯೆಂದು ನಂಬಿ, ಓದಿ ನೋಡದೆ ಸಹಿಹಾಕಿದನು. ಫೋರ್ಡನು ಸತ್ತ ತರುವಾಯ ಅವನ ಮನೆಯವರು ಆ ಕಾಗದಗಳನ್ನು ತೋರಿಸಿ ಪೆನ್ಸಿಲ್ವೇನಿಯವೇ ತಮ್ಮದೆಂದರು. 1708ರಲ್ಲಿ, 60 ವರುಷ ದಾಟಿದ ಪೆನ್ನನು ಸಾಲಗಾರರ ಸೆರೆಮನೆಗೆ ಸೇರಿದನು. ಮಿತ್ರರು ಹಣ ಕೂಡಿಸಿ ಬಿಡಿಸಿದರು. ಹೆಬ್ಬೆಟ್ಟು ಒತ್ತಿದ ಮೇಲೆ ಕಾಗದವನ್ನು ತಂದು ನಮ್ಮ ಮುಂದೆ ಹಿಡಿಯುವ ಸಹೋದರರು ಈ ಸಂಗತಿಯನ್ನು ಎರಡು ಸಾರಿ ಓದಿಸಿಕೊಳ್ಳಲಿ.

ತನ್ನ ನಾಡಿನಲ್ಲಿ ಅವನು ಬಾಳಿದ್ದು ಎರಡು ಸಾರಿ ಕೂಡಿ ನಾಲ್ಕು ವರುಷಕ್ಕಿಂತ ಕಡಿಮೆ. ಗಡಿಯ ವ್ಯಾಜ್ಯದ ನಿಮಿತ್ತ 1684ರಲ್ಲಿ ಇಂಗ್ಲೆಂಡಿಗೆ ಹೋದವನು 1699ರಲ್ಲಿ ತಿರಿಗಿ ಬಂದು, 1701ರಲ್ಲಿ ಜನರಿಗೆ ಹಕ್ಕುಗಳ ಶಾಸನವನ್ನು ಕೊಟ್ಟು ಮತ್ತೆ ಹೊರಟನು. 1712ರಲ್ಲಿ ಪಾರ್ಶ್ವವಾಯು ಬಡಿದು ಅವನ ಬುದ್ಧಿ ಮಂಕಾಯಿತು. ಎರಡನೆಯ ಹೆಂಡತಿಯಾದ ಹನ್ನಳು ನಾಡಿನ ಕಾರ್ಯಗಳನ್ನು ನೋಡಿಕೊಂಡಳು. 1718ರ ಜುಲೈ 30ರಂದು ಅವನು ಕರ್ತನಲ್ಲಿ ನಿದ್ರೆಹೋದನು.

ಅನೇಕರು ಪಾಠವನ್ನು ಇಲ್ಲಿಗೆ ನಿಲ್ಲಿಸುತ್ತಾರೆ, ನಾವೂ ನಿಲ್ಲಿಸುತ್ತಿದ್ದೆವು. ಆದರೆ ಆ ನೆಲದ ಸಂಗತಿಯು ಮುಗಿದಿರಲಿಲ್ಲ. ನಾಡು ಥಾಮಸ್ ಮೊದಲಾದ ಅವನ ಮಕ್ಕಳ ಕೈಗೆ ಬಂತು. ಅವರಿಗೆ ಸಾಲವಿತ್ತು, ಮಾರಲು ಭೂಮಿ ಬೇಕಾಗಿತ್ತು. 1686ರದೆಂದು ಒಂದು ಹಳೆಯ ಕಾಗದವನ್ನು ತೆಗೆದು, ಒಬ್ಬ ಮನುಷ್ಯನು ಒಂದೂವರೆ ದಿನದಲ್ಲಿ ನಡೆಯುವಷ್ಟು ದೂರದ ಭೂಮಿಯನ್ನು ಲೆನಾಪೆಯವರು ತಮ್ಮ ತಂದೆಗೆ ಕೊಟ್ಟಿದ್ದರೆಂದು ವಾದಿಸಿದರು. ಲೆನಾಪೆಯವರು, ಕಾಡಿನಲ್ಲಿ ಮನುಷ್ಯರು ನಡೆಯುವ ಹಾಗೆ ಕೂತು ಉಂಡು ನಡೆದರೆ ಎಷ್ಟೋ ಅಷ್ಟೆಂದು ತಿಳಿದು ಒಪ್ಪಿದರು. ಪೆನ್ನನ ಮಕ್ಕಳು ಮುಂಚಿತವಾಗಿ ದಾರಿಯನ್ನು ಕಡಿಸಿ, ಚುರುಕುಗಾಲಿನ ಮೂವರನ್ನು ಕೂಲಿಗೆ ಗೊತ್ತುಮಾಡಿದರು. 1737ರ ಸೆಪ್ಟೆಂಬರ್ 19ರಂದು ಅವರು ಹೊರಟರು. ಇಬ್ಬರು ಸೋತುಬಿದ್ದರು, ಎಡ್ವರ್ಡ್ ಮಾರ್ಷಲ್ ಎಂಬವನು ಒಂದೂವರೆ ದಿನದಲ್ಲಿ ಸುಮಾರು 65 ಮೈಲು ಮುಟ್ಟಿದನು. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಹೋಗಿ ತಿರಿಗಿ ಬಂದಷ್ಟು ದೂರ. ಅಲ್ಲಿಂದ ನದಿಗೆ ನೆಟ್ಟಗೆ ಗೆರೆ ಎಳೆಯದೆ ಓರೆಯಾಗಿ ಎಳೆದರು. ಹೀಗೆ ಸುಮಾರು 12 ಲಕ್ಷ ಎಕರೆ ಹೋಯಿತು. ಲೆನಾಪೆಯವರು ಮೊರೆಯಿಟ್ಟರೂ ಕೇಳುವವರಿರಲಿಲ್ಲ. ನಾಬೋತನ ದ್ರಾಕ್ಷೇತೋಟಕ್ಕೆ ಅಹಾಬನು ಕೈಹಾಕಿದ್ದೂ ಅವನ ಹೆಸರಿನಲ್ಲಿ ಬರೆದ ಕಾಗದದಿಂದಲೇ ಅಷ್ಟೆ.

1755ರಲ್ಲಿ ಆ ಗಡಿಯಲ್ಲಿ ರಕ್ತ ಹರಿಯಿತು. ಲೆನಾಪೆಯವರು ಪಡುವಣಕ್ಕೆ ಪಡುವಣಕ್ಕೆ ತಳ್ಳಲ್ಪಟ್ಟರು. ಅವರ ಸಂತತಿಯವರಲ್ಲಿ ಅನೇಕರು ಈಗ ದೂರದ ಓಕ್ಲಹೋಮ, ವಿಸ್ಕಾನ್ಸಿನ್, ಕೆನಡಾ ಸೀಮೆಗಳಲ್ಲಿದ್ದಾರೆ. ಆ ನಡಿಗೆಯಲ್ಲಿ ಕಳಕೊಂಡ ಭೂಮಿಯ ಒಂದು ಚಿಕ್ಕ ತುಂಡಿಗಾಗಿ ಅವರಲ್ಲೊಂದು ಪಂಗಡದವರು ಹಾಕಿದ ದಾವೆಯನ್ನು ಅಮೆರಿಕದ ಅತ್ಯುಚ್ಚ ನ್ಯಾಯಸ್ಥಾನವು 2006ರಲ್ಲಿ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಶಾಕಮಾಕ್ಸನಿನ ಮರವು 1810ರ ಬಿರುಗಾಳಿಗೆ ಬಿದ್ದುಹೋಗಿತ್ತು. ಜನರು ಅದರ ಕಟ್ಟಿಗೆಯಿಂದ ಜ್ಞಾಪಕಾರ್ಥವಾಗಿ ಕುರ್ಚಿ ಪೆಟ್ಟಿಗೆಗಳನ್ನು ಮಾಡಿಸಿಕೊಂಡರು.

ಮಕ್ಕಳ ಪುಸ್ತಕಗಳಲ್ಲಿ ಪೆನ್ನನು ಮರದ ಕೆಳಗೆ ಕೈಚಾಚಿ ನಿಂತಿರುವ ಚಿತ್ರವೊಂದು ಉಂಟಷ್ಟೆ. ಅದು ಬೆಂಜಮಿನ್ ವೆಸ್ಟ್ ಎಂಬವನು 1771-72ರಲ್ಲಿ ಬರೆದ ಚಿತ್ರದ ಪ್ರತಿ. ಅದನ್ನು ಹಣಕೊಟ್ಟು ಬರೆಯಿಸಿದವನು ಥಾಮಸ್ ಪೆನ್ನನು, ಆ ನಡಿಗೆಯನ್ನು ನಡಿಸಿದ ಮಗನೇ.

ಮುಂದಿನ ಭಾನುವಾರ ನಾವು ಆ ಪಟವನ್ನು ತೆಗೆದುಕೊಂಡು ಹೋಗಿ, ಚರಿತ್ರೆಯನ್ನು ಕೊನೆಯ ವರೆಗೆ ಹೇಳಿ, ಬರೆಯಿಸಿದವನ ಹೆಸರನ್ನೂ ಹೇಳಿದೆವು. ಮಕ್ಕಳು ಸುತ್ತಲೂ ಕೂಡಿ ಬಹಳ ಹೊತ್ತು ನೋಡಿದರು. ಆ ಹುಡುಗಿಯು ಪೆನ್ನನನ್ನೂ ಬಟ್ಟೆಯ ಥಾನನ್ನು ಬಿಚ್ಚುವ ವರ್ತಕರನ್ನೂ ಬಿಟ್ಟು, ಒಂದು ಪಕ್ಕದಲ್ಲಿ ಕೂಸಿಗೆ ಮೊಲೆಯೂಡಿಸುತ್ತಾ ಕೂತ ಲೆನಾಪೆ ತಾಯಿಯ ಮೇಲೆ ಬೆರಳಿಟ್ಟು, ನಡಿಗೆಯ ದಿನ ಆ ಕೂಸಿಗೆ ಎಷ್ಟು ವರುಷವಾಗಿದ್ದೀತೆಂದು ಕೇಳಿದಳು. ಹಲಗೆಯ ಮೇಲೆ 1737 ಎಂದು ಬರೆದು, ಅದರ ಕೆಳಗೆ 1682 ಎಂದು ಬರೆದು, ಅವಳ ಕೈಯಿಂದಲೇ ಕಳೆಯಿಸಿದೆವು. 55 ಬಂತು.